ಎರಡರಿಂದ ಭಾಗಿಸಿದ ಕೂಲಿ

ನನ್ನ ಹೆಸರಿನಲ್ಲಿ ಅಚ್ಚಾಗಿರುವುದು ಒಂದೇ ಒಂದು ಸಂಶೋಧನಾ ಲೇಖನ. ಅದರ ಕೊನೆಯ ಕೋಷ್ಟಕದಲ್ಲಿ ಒಂದು ಸುಳ್ಳಿದೆ. ಕೂಡಿ ಕಳೆದು ನೋಡಿದರೆ ಲೆಕ್ಕ ತಪ್ಪಿಲ್ಲ, ಯಾರ ಪುಸ್ತಕದಿಂದಲೂ ಕದ್ದದ್ದಿಲ್ಲ. ಆಲಮೇಲದ ಸುತ್ತಿನ ಹೊಲಗಳಲ್ಲಿ ಕಬ್ಬು ಕಡಿಯುವ ಗಂಡಸರ ಕೂಲಿಯೂ ಹೆಂಗಸರ ಕೂಲಿಯೂ ಸರಿಸಮ ಎಂದು ಆ ಕೋಷ್ಟಕ ಹೇಳುತ್ತದೆ. ಒಂದು ರೂಪಾಯಿಯ ಹೆಚ್ಚುಕಡಿಮೆಯೂ ಇಲ್ಲ. ಇಷ್ಟು ನುಣ್ಣಗಿನ ಸಮಾನತೆ ಎಲ್ಲಾದರೂ ಇದ್ದೀತೇ ಎಂಬ ಅನುಮಾನ ನನಗೆ ಬರಲಿಲ್ಲ. ಸೆಮಿನಾರಿನಲ್ಲಿ ಕೂತವರಿಗೂ ಬರಲಿಲ್ಲ. ಚಪ್ಪಾಳೆ ತಟ್ಟಿದರು, ಪ್ರಮಾಣಪತ್ರ ಕೊಟ್ಟರು. ಅವ್ವ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಪಕ್ಕದಲ್ಲಿ ತೂಗುಹಾಕಿದಳು.

ನಮ್ಮ ಕಡೆಗೆ ಕಬ್ಬು ಇತ್ತೀಚಿನ ಬೆಳೆ. ಅಜ್ಜನ ಕಾಲಕ್ಕೆ ಬಿಳಿಜೋಳ, ತೊಗರಿ, ಕಡಲೆ, ಕುಸುಬೆ ಇಷ್ಟೇ. ಮಳೆ ಬಂದರೆ ರಾಶಿ, ಬರದಿದ್ದರೆ ಗುಳೆ. ಭೀಮೆಯ ದಂಡೆಗೆ ಪಂಪ್‌ಸೆಟ್ಟು ಕೂತು, ಸೊನ್ನ ಬ್ಯಾರೇಜಿನ ಹಿನ್ನೀರು ನಿಂತು, ಸಕ್ಕರೆ ಕಾರ್ಖಾನೆಗಳು ಹತ್ತಿರ ಬಂದ ಮೇಲೆ ಎರೆಹೊಲಗಳ ಬಣ್ಣವೇ ಬದಲಾಯಿತು. ಆಲಮೇಲ ಆಗಿನ್ನೂ ಸಿಂದಗಿ ತಾಲೂಕಿನೊಳಗೇ ಇತ್ತು, ಈಗ ಅದೇ ಒಂದು ತಾಲೂಕು. ನಮ್ಮ ನಾಲ್ಕು ಎಕರೆಯೂ ಕಬ್ಬಾಯಿತು. ಜೋಳದ ಸುಗ್ಗಿಗೆ ಊರಿನ ಆಳುಗಳು ಸಾಕಾಗುತ್ತಿದ್ದರು. ಕಬ್ಬಿಗೆ ಸಾಲುವುದಿಲ್ಲ. ಕಾರ್ಖಾನೆ ಕರೆದ ದಿನ ಕಡಿಯಬೇಕು, ಕಡಿದದ್ದು ಒಣಗುವ ಮೊದಲು ಕಾಟಾ ಮುಟ್ಟಬೇಕು. ಅದಕ್ಕೆ ಕಟಾವಿನ ಗ್ಯಾಂಗು ಬೇಕು.

ಗ್ಯಾಂಗುಗಳು ದಸರೆ, ದೀಪಾವಳಿ ಮುಗಿಯುತ್ತಿದ್ದಂತೆ ಬರುತ್ತವೆ. ಕೆಲವು ಮಹಾರಾಷ್ಟ್ರದ ಬೀಡ್ ಕಡೆಯವು, ಕೆಲವು ನಮ್ಮದೇ ಜಿಲ್ಲೆಯ ತಾಂಡಾಗಳವು. ಅದೇ ಹೊತ್ತಿಗೆ ನಮ್ಮ ಸುತ್ತಿನ ಎಷ್ಟೋ ತಾಂಡಾಗಳ ಜನ ಮನೆಗೆ ಬೀಗ ಹಾಕಿ ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೊರಟಿರುತ್ತಾರೆ. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಹುಚ್ಚರ ಸಂತೆ ಅನ್ನಿಸುತ್ತದೆ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಇದೇ ವಿಚಿತ್ರವನ್ನು ದಕ್ಷಿಣ ಗುಜರಾತಿನ ಬಾರ್ಡೋಲಿಯಲ್ಲಿ ಕಂಡಿದ್ದರು. ಅಲ್ಲಿಯ ಸಕ್ಕರೆ ಕಾರ್ಖಾನೆಗಳು ಸ್ಥಳೀಯ ಕೂಲಿಯವರನ್ನು ಬಿಟ್ಟು ಖಾನದೇಶದಿಂದ ಜನರನ್ನು ತರುತ್ತಿದ್ದವು. ಹೊಲದ ಬದಿಯಲ್ಲೇ ಮಲಗುವವರನ್ನು ನಡುರಾತ್ರಿಯಲ್ಲೂ ಎಬ್ಬಿಸಬಹುದು. ಊರಿನವನಾದರೆ ಸಂಜೆಗೆ ಮನೆಗೆ ಹೋಗುತ್ತಾನೆ, ಹಬ್ಬ ಅನ್ನುತ್ತಾನೆ, ಸಾವು ಅನ್ನುತ್ತಾನೆ. ನಾನು ಬ್ರೆಮನ್ ಹೆಸರು ಕೇಳಿದ್ದು ಎಲ್ಲ ಮುಗಿದ ಮೇಲೆ.

ಬಿ.ಎ. ಮೊದಲ ವರ್ಷದಲ್ಲಿ ನಮಗೆ ಸಮಾಜಶಾಸ್ತ್ರ ಎಂದರೆ ಡಿಕ್ಟೇಷನ್. ದುರ್ಖೈಮ್, 1893, ಶ್ರಮವಿಭಜನೆ. ಒಬ್ಬೊಬ್ಬರು ಒಂದೊಂದು ಕೆಲಸ ಮಾಡುವುದರಿಂದ ಒಬ್ಬರಿಗೊಬ್ಬರು ಬೇಕಾಗುತ್ತಾರೆ, ಅದೇ ಆಧುನಿಕ ಸಮಾಜದ ಅಂಟು. ನನಗೆ ಇದು ಬಹಳ ಹಿಡಿಸಿತ್ತು. ಊರಲ್ಲಿ ಬಡಿಗ, ಕಂಬಾರ, ಹಡಪದ, ಅಗಸ ಎಲ್ಲರಿಗೂ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದುದನ್ನು ಅಜ್ಜ ಹೇಳುತ್ತಿದ್ದ. ನೋಟ್ಸಿನಲ್ಲಿಯೂ ಅದೇ ಬಂದಾಗ ನನ್ನ ಊರು ಯುರೋಪಿನ ಪುಸ್ತಕದೊಳಗೆ ಸೇರಿದಂತೆ ಹೆಮ್ಮೆಯಾಯಿತು. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆಯುತ್ತದೆ ಎಂದು 1936ರಲ್ಲಿ ಅಂಬೇಡ್ಕರ್ ಎತ್ತಿದ ತಕರಾರು ನಮ್ಮ ನೋಟ್ಸಿನಲ್ಲಿ ಇರಲಿಲ್ಲ. ಇದ್ದಿದ್ದರೂ ಐದು ಅಂಕದ ಟಿಪ್ಪಣಿ ಎಂದು ಬಾಯಿಪಾಠ ಮಾಡುತ್ತಿದ್ದೆನೇ ಹೊರತು ಅಜ್ಜನನ್ನು ಎದುರು ಪ್ರಶ್ನೆ ಕೇಳುತ್ತಿರಲಿಲ್ಲ. ಆಯ ಇಸಿದುಕೊಂಡವರ ಮೊಮ್ಮಕ್ಕಳು ಅದನ್ನು ಹೇಗೆ ಹೇಳುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ.

ಅಂತಿಮ ವರ್ಷದ ಪ್ರಾಜೆಕ್ಟಿಗೆ 'ದುಡಿಮೆ ಮತ್ತು ಲಿಂಗ ಅಸಮಾನತೆ' ಆರಿಸಿಕೊಂಡೆ. ಊರಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಂಗಸರಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. 1976ರ ಸಮಾನ ವೇತನ ಕಾಯ್ದೆಗೂ ನಮ್ಮ ಹೊಲಗಳಿಗೂ ಪರಿಚಯವಿರಲಿಲ್ಲ. ಆದರೆ ಗೊತ್ತಿದ್ದದ್ದನ್ನೇ ಬರೆದರೆ ಸಂಶೋಧನೆ ಹೇಗಾದೀತು? ಹೊಸದೇನಾದರೂ ಬೇಕಿತ್ತು. ನಮ್ಮ ಹೊಲದಲ್ಲೇ ಆಗ ಗ್ಯಾಂಗು ಇಳಿದಿತ್ತು.

ಬದುವಿನ ಬೇವಿನ ಗಿಡದ ಕೆಳಗೆ ಅಪ್ಪ ಕುರ್ಚಿ ಹಾಕಿಸಿಕೊಟ್ಟ. ನಾನು ಕುರ್ಚಿಯಲ್ಲಿ, ಅವರು ನೆಲದಲ್ಲಿ. ಗ್ಯಾಂಗಿನ ಮುಖ್ಯಸ್ಥ ಮುಕಾದಮ ಒಬ್ಬೊಬ್ಬರನ್ನೇ ಕರೆಸಿದ. ಬಂದವರೆಲ್ಲ ಗಂಡಸರು. ಹೆಂಗಸರು ಕಬ್ಬಿನ ಪಡದೊಳಗೆ ರವದಿ, ಅಂದರೆ ಒಣ ಎಲೆ, ಸುಲಿಯುತ್ತಿದ್ದರು, ಅವರನ್ನು ಕರೆದರೆ ಕೆಲಸ ನಿಲ್ಲುತ್ತದೆ ಎಂದ. ಕೆಲಸ ನಿಂತರೆ ನಷ್ಟ ನಮಗೇ, ನಾನು ಹೂಂ ಅಂದೆ. ಪ್ರಶ್ನೆಗಳು ಸರಳವಾಗಿದ್ದವು: ಹೆಸರು, ವಯಸ್ಸು, ಜಾತಿ, ದಿನಗೂಲಿ. ಮೂರು ಪ್ರಶ್ನೆ ಸಲೀಸಾಗಿ ಹೋದವು. ನಾಲ್ಕನೆಯದಕ್ಕೆ ಎಲ್ಲರೂ ಮುಕಾದಮನ ಮುಖ ನೋಡಿದರು. "ಟನ್ ಲೆಕ್ಕರೀ ನಮ್ದು, ದಿನದ ಲೆಕ್ಕ ಇಲ್ರೀ. ಕೊಯ್ತಾಕ್ಕ ಇಷ್ಟು ಬೀಳ್ತದ" ಎಂದ ಅವನು.

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗ್ಯಾಂಗಿನ ವಹಿಯಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಇಪ್ಪತ್ತು ಜನರಿದ್ದರೆ ಹತ್ತು ಕೊಯ್ತಾ. ಗಟ್ಟಿ ಜೋಡಿ ದಿನಕ್ಕೆ ಎರಡು ಟನ್ನಿನ ತನಕ ಕಡಿಯುತ್ತದೆ. ಕಡಿದ ಒಟ್ಟು ಟನ್ನನ್ನು ಕೊಯ್ತಾಗಳಿಗೆ ಹಂಚುತ್ತಾರೆ. ನನ್ನ ಫಾರ್ಮಿನಲ್ಲಾದರೋ ಗಂಡು ಒಂದು ಸಾಲು, ಹೆಣ್ಣು ಒಂದು ಸಾಲು. ಎರಡೂ ತುಂಬಬೇಕು. ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಟನ್ನನ್ನು ದರದಿಂದ ಗುಣಿಸಿ, ದಿನಗಳಿಂದ ಭಾಗಿಸಿ, ಕೊನೆಗೆ ಎರಡರಿಂದ ಭಾಗಿಸಿದೆ. ಬಂದ ಅಂಕಿಯನ್ನು ಎರಡೂ ಸಾಲಿನಲ್ಲಿ ಬರೆದೆ. ಸಮ. ಆಗ ಆದ ಖುಷಿ ಇವತ್ತಿಗೂ ನೆನಪಿದೆ.

ಆ ಖುಷಿಗೆ ಊರಿನ ಅಭಿಮಾನವೂ ಸೇರಿಕೊಂಡಿತು. ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದು. ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ ಪಕ್ಕದಲ್ಲೇ ಇದೆ. ಕಾಯಕ ಎಂದರೆ ನಮ್ಮ ಮನೆಯ ಮಾತು ಎಂಬ ಭಾವ ನಮಗೆಲ್ಲ ಹುಟ್ಟಿನಿಂದ ಬರುತ್ತದೆ. ಪ್ರಾಜೆಕ್ಟನ್ನೇ ಸೆಮಿನಾರಿಗೆ ಲೇಖನವಾಗಿಸಿ, ಅದರ ಪೀಠಿಕೆಯಲ್ಲಿ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಗಳನ್ನು ತಂದು ಕೂರಿಸಿದೆ. ಸತಿಪತಿ ಕೂಡಿ ದುಡಿಯುವ, ಕೂಡಿ ಉಣ್ಣುವ ಪರಂಪರೆ ಹನ್ನೆರಡನೇ ಶತಮಾನದಿಂದ ಕಬ್ಬಿನ ಪಡದ ತನಕ ಹರಿದು ಬಂದಿದೆ ಎಂದು ಬರೆದೆ. ಚಪ್ಪಾಳೆ ಬಿದ್ದದ್ದು ಈ ಸಾಲಿಗೆ.

ಆ ದಂಪತಿಗಳ ಕಥೆಯನ್ನೇ ಸರಿಯಾಗಿ ಓದಿದ್ದರೂ ನನ್ನ ಕೈ ತಡೆಯುತ್ತಿತ್ತು. ಪರಂಪರೆಯ ಪ್ರಕಾರ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಇದು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದಳು. ಗಳಿಕೆ ಎಷ್ಟು ಎಂದು ನೋಡಿ, ಇಷ್ಟು ಸಾಕು ಎಂದು ತೀರ್ಮಾನಿಸಿದವಳು ಹೆಂಡತಿ. ಗಳಿಕೆಯ ಮೇಲೆ ಅವಳ ಮಾತು ನಡೆಯುತ್ತಿತ್ತು. ಕಬ್ಬಿನ ಪಡದಲ್ಲಿ ಯಾವ ಹೆಂಗಸಿನ ಮಾತು ಯಾವ ಲೆಕ್ಕದ ಮೇಲೆ ನಡೆಯುತ್ತದೆ ಎಂದು ನಾನು ಕೇಳಿರಲೇ ಇಲ್ಲ.

ಕೇಳಿದವರು ಬೇರೆಯವರು. ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕನಾಗಿ, ಪಿಎಚ್.ಡಿ. ಸೀಟಿಗಾಗಿ ಒಂದು ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋಗಿದ್ದೆ. ಆ ಲೇಖನವೇ ನನ್ನ ಬಂಡವಾಳ. ಸಮಿತಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕಿ ಕೋಷ್ಟಕದ ಮೇಲೆ ಬೆರಳಿಟ್ಟರು.

"ಹೆಂಗಸರ ಕೂಲಿ ಎಲ್ಲಿಂದ ಸಿಕ್ಕಿತು?"

"ಜೋಡಿಯ ಕೂಲಿಯನ್ನು ಎರಡರಿಂದ ಭಾಗಿಸಿದೆ, ಮೇಡಂ."

"ಭಾಗಿಸಿದ್ದು ನೀವೋ, ಅವರೋ?"

ಉತ್ತರ ಇರಲಿಲ್ಲ. ಆಯ್ಕೆ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವರಿಗೆ ಮನಸ್ಸಿನಲ್ಲೇ ಬೈದೆ. ವಶೀಲಿ, ಜಾತಿ, ಹಳ್ಳಿಯವನೆಂಬ ತಾತ್ಸಾರ, ಎಲ್ಲ ಕಾರಣಗಳನ್ನೂ ಹುಡುಕಿಕೊಂಡೆ. ಆ ಬೈಗುಳ ಬಹಳ ದಿನ ನನ್ನನ್ನು ಸಾಕಿತು. ಅವರು ತಪ್ಪು ಎಂದು ತೋರಿಸಲೆಂದೇ ಮುಂದಿನ ಹಂಗಾಮಿಗೆ ಮತ್ತೆ ಪಡಕ್ಕೆ ಹೋದೆ. ಒಳ್ಳೆಯ ಉದ್ದೇಶದಿಂದ ಹೋದೆ ಎಂದು ಈಗ ಹೇಳಿಕೊಂಡರೆ ಇನ್ನೊಂದು ಸುಳ್ಳಾದೀತು.

ಈ ಸಲ ಕುರ್ಚಿ ಇರಲಿಲ್ಲ, ಯಾಕೆಂದರೆ ಕಡಿಯುತ್ತಿದ್ದದ್ದು ನಮ್ಮ ಹೊಲವಲ್ಲ. ಪಕ್ಕದೂರಿನ ಪರಿಚಯದವರ ಹೊಲ. ಗ್ಯಾಂಗಿನ ಹಿರಿಯ ಬಾಯಿಯೊಬ್ಬಳು ನಾನು ಕೇಳಿದ್ದಕ್ಕೆ ಕೈ ನಿಲ್ಲಿಸದೆ ಉತ್ತರ ಕೊಟ್ಟಳು. "ಯಾವ ಕೂಲಿ ಕೇಳ್ಲಾಕತ್ತೀ ತಮ್ಮಾ? ಕೂಲಿ ಆಗೇ ತಿಂದು ಮುಗಸೀವಿ. ಈಗ ಅದನ್ನ ಕಡೀಲಾಕತ್ತೀವಿ."

ಹಂಗಾಮು ಹತ್ತುವ ಮೊದಲೇ ಮುಕಾದಮ ಉಚಲ ಎಂಬ ಮುಂಗಡ ಕೊಟ್ಟಿರುತ್ತಾನೆ. ಅದು ಮಗಳ ಮದುವೆಗೋ ದವಾಖಾನೆಗೋ ಮನೆಯ ಪತ್ರಾಸಿಗೋ ಹೋಗಿರುತ್ತದೆ. ಪಡಕ್ಕೆ ಇಳಿದ ಮೇಲೆ ಕೈಗೆ ಬರುವುದು ವಾರದ ಖರ್ಚಿ ಅಷ್ಟೇ. ಕಡಿದ ಟನ್ನು ಮುಂಗಡಕ್ಕೆ ವಜಾ ಆಗುತ್ತ ಹೋಗುತ್ತದೆ. ಹಂಗಾಮಿನ ಕೊನೆಗೆ ಏನಾದರೂ ಉಳಿದರೆ ಅವರ ಪುಣ್ಯ, ಉಳಿಯದಿದ್ದರೆ ಮುಂದಿನ ವರ್ಷವೂ ಅದೇ ಮುಕಾದಮ. ಉಚಲ ಇಸಿದುಕೊಳ್ಳುವವನು ಗಂಡ, ಹೆಬ್ಬೆಟ್ಟು ಒತ್ತುವವನು ಗಂಡ, ಖರ್ಚಿ ತರುವವನೂ ಅವನೇ. ನನ್ನ ಕೋಷ್ಟಕದ 'ದಿನಗೂಲಿ' ಎಂಬ ವಸ್ತುವೇ ಅಲ್ಲಿ ಇರಲಿಲ್ಲ. ಹೆಂಗಸರದ್ದಂತೂ ಇಲ್ಲ, ಗಂಡಸರದ್ದೂ ಇಲ್ಲ.

ದುಡಿಮೆ ಮಾತ್ರ ಕಣ್ಣಿಗೆ ರಾಚುವಂತೆ ಇತ್ತು. ನಸುಕಿನಲ್ಲೇ ಎದ್ದು ಹೆಂಗಸರು ಪಂಪ್‌ಸೆಟ್ಟಿನಿಂದ ನೀರು ತರುತ್ತಾರೆ, ಮೂರು ಕಲ್ಲಿನ ಒಲೆಗೆ ರವದಿ ತುರುಕಿ ಎರಡು ಹೊತ್ತಿನ ರೊಟ್ಟಿ ಬಡಿಯುತ್ತಾರೆ, ಕೂಸನ್ನು ದೊಡ್ಡ ಮಗುವಿನ ಕೈಗೆ ಕೊಡುತ್ತಾರೆ. ಆಮೇಲೆ ಪಡ. ಗಂಡ ಬುಡಕ್ಕೆ ಕೊಯ್ತಾ ಹಾಕುತ್ತ ಮುಂದೆ ಹೋಗುತ್ತಾನೆ. ಹಿಂದೆ ಅವಳು ರವದಿ ಸುಲಿದು, ತುದಿ ಕಡಿದು, ಸಾಲು ಹಾಕಿ, ಹೊರೆ ಕಟ್ಟುತ್ತಾಳೆ. ಟ್ರ್ಯಾಕ್ಟರ್ ಯಾವಾಗ ಬಂದರೂ, ರಾತ್ರಿ ಎರಡಾದರೂ, ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರಾಲಿಗೆ ಹಾಕಬೇಕು. ಲೋಡು ಹೋದ ಮೇಲೆ ಗಂಡಸರು ಬಿದ್ದಲ್ಲೇ ನಿದ್ದೆ ಹೋಗುತ್ತಾರೆ. ಅವಳು ಮತ್ತೆ ಒಲೆಯ ಮುಂದೆ.

ಒಂದು ದಿನ ಆ ಬಾಯಿಯ ಸೊಸೆಗೆ ಜ್ವರ ಬಂದು ಗುಡಿಸಲಲ್ಲೇ ಉಳಿದಳು. ಸಂಜೆ ಮುಕಾದಮ ವಹಿ ತೆಗೆದ. ಮೇಲಿಂದ ಕೆಳಗಿನ ತನಕ ಗಂಡಸರ ಹೆಸರುಗಳೇ. ಅವಳ ಗಂಡನ ಹೆಸರಿನ ಮುಂದೆ 'ಅರ್ಧ' ಎಂದು ಬರೆದ.

ಅಲ್ಲಿ ನಾನು ನಿಂತೇಬಿಟ್ಟೆ. ಎರಡರಿಂದ ಭಾಗಿಸುವ ಲೆಕ್ಕ ನಿಜವಾಗಿಯೂ ಅವರ ವಹಿಯಲ್ಲಿ ಇತ್ತು. ಅವಳು ಕೆಲಸಕ್ಕೆ ಬರದ ದಿನ ಮಾತ್ರ ಇತ್ತು. ಬಂದ ದಿನ ಅವಳಿಗೆ ಹೆಸರಿಲ್ಲ, ಸಾಲಿಲ್ಲ, ಪಾಲಿಲ್ಲ. ಬರದ ದಿನ ಅವಳು ಕರಾರುವಾಕ್ಕಾಗಿ ಅರ್ಧ. ನನ್ನ ನಾಲ್ಕನೇ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಆ ಒಂದು ಶಬ್ದದಲ್ಲಿತ್ತು, ಮತ್ತು ಅದು ಕೂಲಿಯ ಕಾಲಮ್ಮಿನಲ್ಲಿ ಇರಲಿಲ್ಲ, ಕಡಿತದ ಕಾಲಮ್ಮಿನಲ್ಲಿತ್ತು. ಒಂಟಿ ಗಂಡಸು ಬಂದರೂ ಅರ್ಧ ಕೊಯ್ತಾವೇ, ಉಚಲವೂ ಅರ್ಧವೇ. ಹಂಗಾಮಿನ ಮುಂಚೆ ಬೀಡ್ ಕಡೆ ಎಳೆಯ ಹುಡುಗಿಯರ ಮದುವೆ ಯಾಕೆ ಅಷ್ಟು ಅವಸರದಲ್ಲಿ ಆಗುತ್ತದೆ ಎಂಬುದಕ್ಕೆ ಬೇರೆ ಸಿದ್ಧಾಂತ ಬೇಕಿಲ್ಲ.

ಅದೇ ವರ್ಷ, 2019ರಲ್ಲಿ, ಬೀಡ್ ಜಿಲ್ಲೆಯ ಸುದ್ದಿ ದೇಶದ ತುಂಬ ಬಂತು. ಕಬ್ಬು ಕಡಿಯುವ ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ. ಮಹಾರಾಷ್ಟ್ರ ಸರಕಾರ ನೀಲಮ್ ಗೋರ್ಹೆ ಅವರ ಸಮಿತಿ ನೇಮಿಸಿತು. ವಿಚಾರಿಸಿದ 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಕಾರಣಗಳು ಹಲವು, ಖಾಸಗಿ ವೈದ್ಯರ ದುರಾಸೆಯೂ ಒಂದು. ಆದರೆ ರಜೆ ಹಾಕಿದರೆ ದಂಡ ಎಂಬ ಮಾತನ್ನು ಓದುವಾಗ ನನಗೆ ಕಂಡದ್ದು ಆ ವಹಿಯ 'ಅರ್ಧ'. 2024ರ ಜನವರಿಯಲ್ಲಿ ಅಲ್ಲಿ ಕಟಾವಿನ ದರ ಶೇ. 34ರಷ್ಟು ಏರಿತು, ಮುಷ್ಕರ ಮಾಡಿ ಪಡೆದದ್ದು, ಸಣ್ಣ ಸಾಧನೆಯಲ್ಲ. ಏರಿದ್ದು ಕೊಯ್ತಾದ ದರ.

ಇಷ್ಟೆಲ್ಲ ಹೇಳುವಾಗ ರೈತನನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ನಾನು ರೈತನ ಮಗ. ಕೇಂದ್ರ ಸರಕಾರ ವರ್ಷವರ್ಷ ಕಬ್ಬಿಗೆ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಘೋಷಿಸುತ್ತದೆ. ಅದರಲ್ಲಿ ಕಟಾವು, ಸಾಗಾಣಿಕೆ ಮುರಿದುಕೊಂಡು ಬಿಲ್ಲು ಬರುತ್ತದೆ. ಅದರ ಮೇಲೆ ಗ್ಯಾಂಗು ಬೇಗ ಬರಲೆಂದು ಲಗಾಣಿ ಎಂದು ಬೇರೆ ದುಡ್ಡು ಕೊಡುತ್ತೇವೆ. ದರಕ್ಕಾಗಿ ರಸ್ತೆಗಿಳಿದಾಗ ನಮ್ಮ ಹೋರಾಟಕ್ಕೆ ಮಂತ್ರಿಗಳು ಬರುತ್ತಾರೆ, ಪತ್ರಿಕೆಯ ಮುಖಪುಟ ಸಿಗುತ್ತದೆ. ಟನ್ನಿಗೆ ಎಷ್ಟು ಎಂಬುದೇ ಎಲ್ಲರ ಜಗಳ, ಆ ಟನ್ನನ್ನು ಕಡಿದ ಕೈಗೆ ಎಷ್ಟು ಎಂಬ ಮಾತು ಕಟಾವು ಎಂಬ ಒಂದು ಶಬ್ದದೊಳಗೆ ಅಡಗಿ ಕೂತಿರುತ್ತದೆ.

ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೂ ಸಣ್ಣ ಸಂಗತಿ. ಕಬ್ಬಿನ ತುದಿಯ ಹಸಿ ಎಲೆ ದನಕ್ಕೆ ಒಳ್ಳೆಯ ಮೇವು. ಗ್ಯಾಂಗಿನ ಹೆಂಗಸರು ಅದನ್ನು ಸಿವುಡು ಕಟ್ಟಿ ಮಾರುತ್ತಾರೆ. ಇಡೀ ಹಂಗಾಮಿನಲ್ಲಿ ನೇರವಾಗಿ ಅವರ ಕೈಗೆ ಬೀಳುವ ರೊಕ್ಕ ಅದೊಂದೇ. "ಇದು ನಮ್ಮ ಉಪ್ಪು ಎಣ್ಣೀಗಿ" ಎಂದಳು ಆ ಬಾಯಿ. ನಮ್ಮ ಎಮ್ಮೆಗಳಿಗೆ ಅದನ್ನು ಕೊಳ್ಳುತ್ತಿದ್ದವಳು ಅವ್ವ. ಬೆಳಗ್ಗೆ ಅಂಗಳದಲ್ಲಿ ನಿಂತು, ನಮ್ಮ ಹೊಲದ ಎಲೆಗೆ ನಮಗೇ ರೊಕ್ಕ ಕೇಳ್ತೀರಲ್ಲ ಎಂದು ಚೌಕಾಸಿ ಮಾಡುತ್ತಿದ್ದಳು. ನಾನು ಅದೇ ಅಂಗಳದಲ್ಲಿ ಪ್ರಶ್ನಾವಳಿ ತಿದ್ದುತ್ತಿದ್ದೆ. ಹೆಂಗಸಿನ ಗಳಿಕೆ ಕಣ್ಣ ಮುಂದೆ ಕೈಯಿಂದ ಕೈಗೆ ಹೋಗುವುದನ್ನು ನೋಡಿಯೂ ಬರೆದುಕೊಂಡಿರಲಿಲ್ಲ. ಅದು ನನಗೆ ಮನೆಯ ವ್ಯವಹಾರ, ಡೇಟಾ ಅಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತಾವು ಅಧ್ಯಯನಕ್ಕೆ ಹೋದ ರಾಂಪುರದಲ್ಲಿ ಪಟೇಲರ ಎತ್ತಿನ ಕೊಟ್ಟಿಗೆಯ ಕಡೆ ಉಳಿದುಕೊಂಡಿದ್ದರು. ಹಾಗಾಗಿ ಊರನ್ನು ಮೇಲಿನವರ ಕಡೆಯಿಂದಲೇ ನೋಡುವಂತಾಯಿತು ಎಂದು ಅವರೇ ಒಪ್ಪಿಕೊಂಡಿದ್ದಾರೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು, ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ನನ್ನ ಟಿಪ್ಪಣಿಗಳಿಗೆ ಅಂಥ ಅದೃಷ್ಟ ಬರಲಿಲ್ಲ, ಇನ್ನೂ ಪೆಟ್ಟಿಗೆಯಲ್ಲಿವೆ. ಇನ್ನು ನಮ್ಮ ಇಂಡಿ ಕಡೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಂಗಸರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಅವರಾರೂ ಸಮಾಜಶಾಸ್ತ್ರ ಓದಿದವರಲ್ಲ. ಆದರೂ ಹೆಂಗಸಿನ ದಿನ ಹೇಗೆ ಸವೆಯುತ್ತದೆ ಎಂದು ತಿಳಿಯಬೇಕಾದರೆ ನಾನು ನನ್ನ ಲೇಖನವನ್ನು ಬಿಟ್ಟು ಆ ಪುಸ್ತಕವನ್ನೇ ತೆಗೆಯುತ್ತೇನೆ. ಅವರು ಗಂಡಂದಿರನ್ನು ಕೇಳಲಿಲ್ಲವಲ್ಲ.

ಆ ಬಾಯಿಯೇ ಇನ್ನೊಂದು ಮಾತು ಹೇಳಿದ್ದಳು. ತಾಂಡಾದಲ್ಲಿ ಇರುವಾಗ ಉದ್ಯೋಗ ಖಾತ್ರಿಯ ಬದು ಕೆಲಸಕ್ಕೆ ಹೋಗುತ್ತಿದ್ದಳಂತೆ. "ಅಲ್ಲಿ ನನ್ನ ಹೆಸರು ಬ್ಯಾರೆ ಬರೀತಾರ ತಮ್ಮಾ. ನನ್ನ ಮುಂದ ನನ್ನ ಕೂಲಿ." ಖಾತ್ರಿ ಕೂಲಿ ಗಂಡಿಗೂ ಹೆಣ್ಣಿಗೂ ಒಂದೇ, 2024-25ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಹಾಗಿದ್ದರೆ ಕಬ್ಬಿಗೆ ಯಾಕೆ ಬರುತ್ತೀರಿ ಎಂದು ಕೇಳಿದೆ. ದಡ್ಡನನ್ನು ನೋಡಿದಂತೆ ನೋಡಿದಳು. ಖಾತ್ರಿಯವರು ಮಗಳ ಮದುವೆಗೆ ಮೊದಲೇ ರೊಕ್ಕ ಕೊಡುವುದಿಲ್ಲ. ಕೆಲಸ ಮಾಡಿದ ಮೇಲೂ ಖಾತೆಗೆ ಎಂದು ಬೀಳುತ್ತದೋ ಹೇಳಲಾಗದು. ಉಚಲ ಒಂದೇ ಕಂತಿನಲ್ಲಿ ಕೈಗೆ ಬರುತ್ತದೆ. ಸ್ವಂತ ಹೆಸರಿಗಿಂತ ಅವಸರ ದೊಡ್ಡದು.

ಪಿಎಚ್.ಡಿ. ಆಗಲಿಲ್ಲ. ಮತ್ತೆ ಅರ್ಜಿ ಹಾಕುವ ವಯಸ್ಸು, ರೊಕ್ಕ ಎರಡೂ ಜಾರಿದವು. ಲೇಖನಕ್ಕೆ ತಿದ್ದುಪಡಿ ಬರೆದು ಕಳಿಸಿದೆ, ಅಷ್ಟರಲ್ಲಿ ಅದನ್ನು ಅಚ್ಚು ಹಾಕಿದ್ದ ನಿಯತಕಾಲಿಕವೇ ನಿಂತುಹೋಗಿತ್ತು. ಅತಿಥಿ ಉಪನ್ಯಾಸಕನಾಗಿಯೇ ಇದ್ದೇನೆ. ಪಾಠ ಇದ್ದ ತಿಂಗಳಿಗೆ ಗೌರವಧನ, ರಜೆಯ ತಿಂಗಳಿಗೆ ಇಲ್ಲ. ಮೊದಲ ವರ್ಷದವರಿಗೆ ದುರ್ಖೈಮ್ ಹೇಳುತ್ತೇನೆ, ಅದರ ಬೆನ್ನಿಗೇ ಅಂಬೇಡ್ಕರ್ ಹೇಳುತ್ತೇನೆ. 2011ರ ಜನಗಣತಿಯ ವ್ಯಾಖ್ಯೆ ಓದಿಸುತ್ತೇನೆ: ವರ್ಷಕ್ಕೆ ಆರು ತಿಂಗಳು ಕೆಲಸ ಮಾಡಿದವರು ಮುಖ್ಯ ಕೆಲಸಗಾರರು, ಕಡಿಮೆ ಮಾಡಿದವರು ಅಲ್ಪಾವಧಿ ಕೆಲಸಗಾರರು, ತಮ್ಮ ಮನೆಯ ಅಡುಗೆ, ನೀರು, ಕೂಸು ಲೆಕ್ಕಕ್ಕಿಲ್ಲ. ಇಲ್ಲಿಯ ತನಕ ಹುಡುಗರು ಸುಮ್ಮನೆ ಬರೆದುಕೊಳ್ಳುತ್ತಾರೆ. ನನ್ನ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದು ತಪ್ಪು ಹುಡುಕಿ ಎಂದಾಗ ಸ್ವಲ್ಪ ಎಚ್ಚರಾಗುತ್ತಾರೆ. ಬೇಗ ಹುಡುಕುವವರು ತಾಂಡಾದ ಹುಡುಗಿಯರು. ಆದರೆ ಆ ಪಾಠ ಮಾಡುವ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಕ್ಲಾಸಿನಲ್ಲಿ ಇರುವುದಿಲ್ಲ.

ಕಳೆದ ವರ್ಷ ಅಂಥ ಒಬ್ಬಳು ದೀಪಾವಳಿಗೆ ಹೋದವಳು ಕಬ್ಬು ಮುಗಿದ ಮೇಲೆ ಬಂದಳು. ಅವ್ವನಿಗೆ ಸೊಂಟನೋವು, ಅಪ್ಪ ಅರ್ಧ ಕೊಯ್ತಾ ಆಗಬಾರದೆಂದು ಇವಳು ಹೋಗಿದ್ದಳು. ಹಾಜರಿ ಶೇ. 75 ಇಲ್ಲದೆ ಪರೀಕ್ಷೆಗೆ ಕೂರಿಸುವಂತಿಲ್ಲ. ವಿನಾಯಿತಿಗೆ ಪತ್ರ ಬರೆದುಕೊಟ್ಟೆ. ಕಾರಣ: ಕುಟುಂಬದೊಂದಿಗೆ ಕಬ್ಬು ಕಟಾವಿನ ಕೆಲಸ. ಆಫೀಸಿನಿಂದ ಪತ್ರ ವಾಪಸು ಬಂತು. ಇಂಥ ಕಾರಣಕ್ಕೆ ಅವಕಾಶವಿಲ್ಲ, ವೈದ್ಯಕೀಯ ಕಾರಣವಿದ್ದರೆ ನೋಡಬಹುದು ಎಂದು ಗುಮಾಸ್ತರು ಮೆಲ್ಲಗೆ ದಾರಿ ತೋರಿಸಿದರು, ಒಳ್ಳೆಯ ಮನುಷ್ಯ. ಅವಳು ಪರಿಚಯದ ಡಾಕ್ಟರರಿಂದ ಚೀಟಿ ತಂದಳು. ನಾನು ಇನ್ನೊಂದು ಹಾಳೆ ತೆಗೆದುಕೊಂಡು, ಕಾರಣ: ದೀರ್ಘ ಅನಾರೋಗ್ಯ ಎಂದು ಬರೆದು ಸಹಿ ಹಾಕಿದೆ. ಪರೀಕ್ಷೆಗೆ ಕೂತಳು. ಸಮಾಜಶಾಸ್ತ್ರ ಪಾಸಾಯಿತು, ಇಂಗ್ಲಿಷ್ ಉಳಿಯಿತು.